ಆಂಟಿವೈರಸ್ ಆಫ್ ಮಾಡಿದ ಮಧ್ಯಾಹ್ನ

ಮೈಕಿನ ಮುಂದೆ ಕೂರಿಸಿ ‘ಏನಾದರೂ ಮಾತಾಡಿ, ಮಟ್ಟ ನೋಡಿಕೊಳ್ಳುತ್ತೇನೆ’ ಎಂದರೆ ಬಂದವರೆಲ್ಲ ‘ಹಲೋ ಹಲೋ, ಒನ್ ಟೂ ತ್ರೀ’ ಅನ್ನುತ್ತಾರೆ. ಆ ಯಜಮಾನರು ಮಾತ್ರ ಕತ್ತು ವಾಲಿಸಿ, ಬಲಗೈ ಮೇಲೆತ್ತಿ, ಈರುಳ್ಳಿ ಹರಾಜು ಕೂಗಿದರು. ಮೀಟರಿನ ಪಟ್ಟಿ ಹಸಿರು ದಾಟಿ ಕೆಂಪಿಗೆ ಹೋಯಿತು. ನಾನು ಸ್ಟುಡಿಯೋದ ಗಾಜಿನ ಈಚೆ ಹೆಡ್‌ಫೋನ್ ಕಿತ್ತು ಕಿವಿ ಉಜ್ಜಿಕೊಂಡೆ.

“ಜೋರಾಯ್ತೇನವ್ವ?” ಅಂದರು.

“ಸ್ವಲ್ಪ ಜೋರೇ.”

“ಇದು ಕಾಯ್ಲೆ ದನಿ. ಒಳ್ಳೆ ದನಿ ಇದ್ದಾಗ ಬಂದಿದ್ರೆ ನಿನ್ ಗಾಜು ಉಳೀತಿರ್ಲಿಲ್ಲ.”

ಅವರು ಬೆಂಗಳೂರಿನ ಉತ್ತರದಂಚಿನ ಕೋಗಿಲು ಊರಿನವರು. ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಬಹಳ ವರ್ಷ ಹರಾಜು ಕೂಗಿದವರು. ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳೆದ್ದಿವೆ, ಕೂಗುವ ಕೆಲಸ ಬಿಟ್ಟು ಕಾಲವಾಗಿದೆ; ಆದರೂ ಊಟಕ್ಕೆ ಕೂತಾಗ ಉಪ್ಪು ಕೇಳುವುದೂ ಹರಾಜಿನ ದನಿಯಲ್ಲೇ ಎಂದು ಜೊತೆಗೆ ಬಂದಿದ್ದ ಮಗಳು ಹೇಳಿದಳು. ಅವಳು ಹೆಬ್ಬಾಳದ ಕಡೆ ಒಂದು ಶಾಲೆಯಲ್ಲಿ ಗಣಿತದ ಟೀಚರ್. ತಂದೆಯ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯದೆ ದಾರಿಯಿಲ್ಲ ಎಂದು ವೈದ್ಯರು ಹೇಳಿದ್ದರು. ಆಪರೇಷನ್ ಆದ ಮೇಲೆ ಉಸಿರಾಟ ಕತ್ತಿನ ರಂಧ್ರದಿಂದ. ಬಾಯಿಂದ ಈ ದನಿ ಇನ್ನು ಬರುವುದಿಲ್ಲ.

ಆಸ್ಪತ್ರೆಯ ವಾಕ್ ಚಿಕಿತ್ಸಕಿ ಒಂದು ಉಪಾಯ ಹೇಳಿದ್ದರು. ದಿನನಿತ್ಯ ಬೇಕಾಗುವ ಮಾತುಗಳನ್ನೆಲ್ಲ ಮೊದಲೇ ಅವರ ದನಿಯಲ್ಲೇ ಮುದ್ರಿಸಿಟ್ಟುಕೊಂಡು ಒಂದು ಟ್ಯಾಬ್ಲೆಟ್ಟಿಗೆ ಹಾಕುವುದು. ನೀರು ಬೇಕಾದರೆ ನೀರಿನ ಚಿತ್ರ ಒತ್ತಿದರಾಯಿತು, ಅವರದೇ ದನಿ ನೀರು ಕೇಳುತ್ತದೆ. ಮೊಬೈಲಿನಲ್ಲೇ ಮುದ್ರಿಸಬಹುದು, ಸ್ಟುಡಿಯೋ ಆದರೆ ಇನ್ನೂ ಒಳ್ಳೆಯದು ಎಂದಿದ್ದರಂತೆ. ಹಾಗಾಗಿ ಗಂಗಾನಗರದ ನನ್ನ ಮಹಡಿಗೆ ಬಂದರು. ಮೊಬೈಲಿನಲ್ಲೇ ಮುಗಿಸಿಕೊಂಡಿದ್ದರೆ ನಾನು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನನ್ನದು ಒಂದು ಗಾಜಿನ ಕೋಣೆ, ಒಂದು ಕಂಪ್ಯೂಟರಿನ ಸ್ಟುಡಿಯೋ. ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಗಾಡಿಯ ಸ್ಪೀಕರು ‘ತಾಜಾ ಸೊಪ್ಪು, ದಂಟು, ಮೆಂತ್ಯ’ ಎಂದು ನಿದ್ದೆ ಕೆಡಿಸುತ್ತದಲ್ಲ, ಉತ್ತರ ಬೆಂಗಳೂರಿನ ಮಟ್ಟಿಗೆ ಅದರಲ್ಲಿ ಒಂದಷ್ಟು ಪಾಪ ನನ್ನದು. ಜಾಹೀರಾತು, ಚುನಾವಣೆಯ ಆಟೋ, ಆಗೀಗ ಡಬ್ಬಿಂಗ್, ಹೀಗೆ ನಡೆಯುತ್ತದೆ. ಕಿವಿಯ ವಿಷಯದಲ್ಲಿ ನನಗೆ ಬಹಳ ಜಂಬ. ಫ್ಯಾನಿನ ಸದ್ದು, ಕೆಳಗಿನ ಬೋರ್‌ವೆಲ್ ಮೋಟರಿನ ಗುಂಯ್ ಅನ್ನುವ ಸದ್ದು, ಮಾತಾಡುವವರ ಹಲ್ಲುಸೆಟ್ಟಿನ ಸದ್ದು, ಎಲ್ಲವೂ ಬೇರೆಬೇರೆಯಾಗಿ ಕೇಳಿಸುತ್ತವೆ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳುತ್ತಿದ್ದೆ ಎನ್ನಬೇಕು.

ಯಜಮಾನರಿಗೆ ಬೇಗ ಆಯಾಸವಾಗುತ್ತಿತ್ತು. ಹಾಗಾಗಿ ಕೆಲಸವನ್ನು ಮೂರು ಬೆಳಿಗ್ಗೆಗಳಿಗೆ ಹಂಚಿಕೊಂಡೆವು. ಚಿಕಿತ್ಸಕಿ ಮಾತುಗಳ ಪಟ್ಟಿ ಕೊಟ್ಟಿದ್ದರು. ಮೊದಲ ವಾಕ್ಯ ‘ನನಗೆ ಬಾಯಾರಿಕೆಯಾಗಿದೆ’ ಎಂದಿತ್ತು. ಯಜಮಾನರು ಅದನ್ನು ಮಗಳ ಬಾಯಲ್ಲಿ ಕೇಳಿ ಮುಖ ಸಿಂಡರಿಸಿದರು.

“ಇದ್ಯಾವ ನಾಟಕದ್ ಮಾತಮ್ಮ? ನಾನ್ ಇಂಗೆ ಯಾವತ್ತಾದ್ರೂ ಕೇಳಿದ್ದೀನಾ? ‘ಏ, ನೀರ್ ತತ್ತಾ’ ಅಂತ ಆಕ್ಕೊ.”

ಹಾಗೇ ಹಾಕಿಕೊಂಡೆವು. ‘ನನಗೆ ಬೇಸರವಾಗುತ್ತಿದೆ’ ಎಂಬುದು ‘ಯಾಕೋ ಬ್ಯಾಡ ಅನ್ನಿಸ್ತದೆ ಕಣ್ರಪ್ಪ’ ಆಯಿತು. ‘ದಯವಿಟ್ಟು ಟಿವಿಯ ಸದ್ದು ಕಡಿಮೆ ಮಾಡಿ’ ಎಂಬುದು ಏನಾಯಿತೆಂದು ಇಲ್ಲಿ ಬರೆಯಲಾರೆ. ಮಗಳು ಗಾಜಿನ ಈಚೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಕೊನೆಯ ದಿನ ಮನೆಯವರ ಹೆಸರುಗಳು. ಹೆಂಡತಿ, ಮಕ್ಕಳು, ಸೊಸೆ, ಮೊಮ್ಮಕ್ಕಳು, ಅಣ್ಣತಮ್ಮಂದಿರು, ಬಾಡಿಗೆ ಮನೆಯವರು, ಹಾಲು ಕರೆಯುವವನು. ಒಬ್ಬೊಬ್ಬರನ್ನೂ ಎರಡು ಮೂರು ಬಗೆಯಲ್ಲಿ ಕರೆದರು: ಹತ್ತಿರ ಇದ್ದಾಗ ಒಂದು ಬಗೆ, ಮಹಡಿಯ ಮೇಲಿದ್ದಾಗ ಒಂದು ಬಗೆ, ಸಿಟ್ಟು ಬಂದಾಗ ಇನ್ನೊಂದು. ಅವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮುಗಿದ ಮೇಲೆ ಮಗಳು ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದಳು. “ಮೇಡಂ, ಹೆಂಗಿದ್ಯೋ ಹಂಗೇ ಇದ್ರಲ್ಲಿ ಹಾಕ್ಕೊಡ್ತೀರಾ? ಮನೇಲಿ ಒಂದ್ ಕಾಪಿ ಇರ್ಲಿ.”

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಕಚ್ಚಾ ಮುದ್ರಣವನ್ನು ಹೊರಗೆ ಕೊಡುವುದಿಲ್ಲ. ಕೆಮ್ಮು, ತಡವರಿಕೆ, ಕುರ್ಚಿಯ ಕಿರ್ರು ಎಲ್ಲ ತೆಗೆದು, ಮಟ್ಟ ಸರಿಮಾಡಿ, ಆಮೇಲೆ ಕೊಡುವುದು. ಕಚ್ಚಾ ಮಾಲು ನಾಲ್ಕು ಜನರ ಕಿವಿಗೆ ಬಿದ್ದರೆ ಸ್ಟುಡಿಯೋದ ಮಾನ ಹೋಗುತ್ತದೆ ಎಂದು ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿದೆ. “ಹಂಗೆಲ್ಲ ರಾ ಫೈಲ್ ಕೊಡಲ್ಲ ನಾವು. ನಾಲ್ಕೈದು ದಿನ ಬಿಡಿ, ಚಿನ್ನದ ಥರ ಮಾಡ್ಕೊಡ್ತೀನಿ.” ಅವಳು ಪೆನ್‌ಡ್ರೈವನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು.

ಅವರು ಹೋದ ಮೇಲೆ ಕೇಳುತ್ತಾ ಕೂತೆ. ದನಿ ಗೊಗ್ಗರಾಗಿತ್ತು, ನಡುವೆ ಮುರಿಯುತ್ತಿತ್ತು. ಉಸಿರು ಎಳೆದುಕೊಳ್ಳುವಾಗ ಗಂಟಲಲ್ಲಿ ಸಿಳ್ಳೆಯಂಥದ್ದೊಂದು ಏಳುತ್ತಿತ್ತು. ಒಳಗೆ ಬೆಳೆಯುತ್ತಿದ್ದ ಗಡ್ಡೆಯ ಸದ್ದು ಅದು. ನನಗೆ ಅದು ಹಿಡಿಸಲಿಲ್ಲ. ಇವರ ಯಾರ್ಡಿನ ದಿನಗಳ ದನಿಯನ್ನು ಇದರೊಳಗಿಂದ ಎತ್ತಿ ತೆಗೆಯಬೇಕು ಎಂಬ ಹಟ ಹುಟ್ಟಿತು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನನ್ನ ಹತ್ತಿರವಿದ್ದ ಸಾಫ್ಟ್‌ವೇರು ಮೋಟರಿನ ಸದ್ದು ತೆಗೆಯುವಷ್ಟಕ್ಕೆ ಸಾಕಾಗಿತ್ತು. ಕೆಟ್ಟ ದನಿಯನ್ನು ರಿಪೇರಿ ಮಾಡಲು ಬೇರೆಯದೇ ಒಂದು ಬೇಕು. ಅದು ದುಬಾರಿ.

ಇಲ್ಲಿ ಬಡತನದ ಕಥೆ ಹೇಳಿದರೆ ಸುಳ್ಳಾಗುತ್ತದೆ. ಅದೇ ತಿಂಗಳು ಬಂದವರು ಕೂರಲಿ ಎಂದು ಹೊಸ ಸೋಫಾ ತಂದು ಹಾಕಿದ್ದೆ. ಆ ಸಾಫ್ಟ್‌ವೇರನ್ನು ಕೆಲವು ದಿನ ಪುಕ್ಕಟೆ ಬಳಸಿ ನೋಡುವ ಅವಕಾಶವನ್ನು ತಯಾರಕರೇ ಕೊಟ್ಟಿದ್ದರು. ನನ್ನ ಕೆಲಸಕ್ಕೆ ಅಷ್ಟು ಸಾಕಾಗಿತ್ತು. ಆದರೆ ಪುಕ್ಕಟೆ ಅವಧಿ ಮುಗಿದ ಮೇಲೆ ಏನು, ಶಾಶ್ವತವಾಗಿ ಇರಲಿ ಎಂಬ ಆಸೆ. ಇನ್ನೊಂದು ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ.

“ಅದಕ್ಯಾಕೆ ಕಾಸ್ ಹಾಕ್ತೀರ ಗುರು? ಲೈಸೆನ್ಸ್ ಮುರಿದಿರೋ ಕ್ರ್ಯಾಕ್ ಕಾಪಿ ಇದೆ, ಬೀಗ ತೆಗೆಯೋ ಆಕ್ಟಿವೇಟರ್ ಸಮೇತ, ಗ್ರೂಪಿಂದ ಲಿಂಕ್ ಕಳಿಸ್ತೀನಿ. ನೆಟ್ ಕಟ್ ಮಾಡಿ, ಆಂಟಿವೈರಸ್ ಆಫ್ ಮಾಡಿ, ಹಾಕ್ಕೊಳ್ಳಿ ಅಷ್ಟೇ.”

“ಆಂಟಿವೈರಸ್ ಯಾಕೆ ಆಫ್ ಮಾಡ್ಬೇಕು?”

“ಕ್ರ್ಯಾಕ್ ಕಂಡ್ರೆ ಅದು ಬೊಗಳುತ್ತೆ ಕಣ್ರೀ. ಫಾಲ್ಸ್ ಅಲಾರಂ. ನಾವೆಲ್ಲ ಹಂಗೇ ಹಾಕಿರೋದು, ಏನಾಗಿದೆ?”

ನಮ್ಮ ಕಸುಬಿನವರಲ್ಲಿ ಈ ಮಾತು ವೇದವಾಕ್ಯ. ಎಚ್ಚರಿಕೆ ಬಂದರೆ ಅದು ದೊಡ್ಡ ಕಂಪನಿಗಳ ಹೆದರಿಸುವ ತಂತ್ರ, ಬಾರದಿದ್ದರೆ ಕ್ರ್ಯಾಕ್ ಸರಿಯಾಗಿಲ್ಲ ಎಂದರ್ಥ. ಬಾಗಿಲು ಬಡಿದವನನ್ನು ಒಳಗೆ ಬಿಟ್ಟು ಕಾವಲುಗಾರನನ್ನೇ ಮನೆಗೆ ಕಳಿಸುವ ಬುದ್ಧಿ ಇದು. ಆಗ ಹಾಗೆ ಕಾಣಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದು, ಅವನು ಹೇಳಿದಂತೆ ಮಾಡಿದೆ. ಜೊತೆಗೆ ಬಂದಿದ್ದ ಸೂಚನೆಯಲ್ಲಿ ಇನ್ನೊಂದು ಮಾತಿತ್ತು: ಆಂಟಿವೈರಸ್ ಮತ್ತೆ ಆನ್ ಮಾಡುವ ಮೊದಲು ಕೆಲಸದ ಡ್ರೈವನ್ನು ಅದರ ತಪಾಸಣೆಯಿಂದ ಹೊರಗಿಡಿ, ಇಲ್ಲವಾದರೆ ಅದು ಆಕ್ಟಿವೇಟರನ್ನು ಅಳಿಸಿಹಾಕುತ್ತದೆ. ಹೊರಗಿಟ್ಟೆ. ಆಡಿಯೋ ಫೈಲುಗಳೆಲ್ಲ ಇದ್ದದ್ದು ಅದೇ ಡ್ರೈವಿನಲ್ಲಿ. ಬ್ಯಾಕಪ್ಪಿನ ಹೊರ ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ಕಳಚುವುದು, ಸಿಕ್ಕಿಸುವುದು ಕಿರಿಕಿರಿ ಎಂದು. ಕ್ಲೌಡಿನಲ್ಲಿ ಜಾಗ ಸಾಲದೆ ಯಜಮಾನರ ಫೋಲ್ಡರನ್ನು ಅಲ್ಲಿಗೆ ಹಾಕಿರಲೂ ಇಲ್ಲ.

ಸಾಫ್ಟ್‌ವೇರು ಚೆನ್ನಾಗಿ ಕೆಲಸ ಮಾಡಿತು. ಅದೇ ನೋಡಿ ನೋವು. ಪರದೆಯ ಮೇಲೆ ದನಿ ಕಿತ್ತಳೆ ಬಣ್ಣದ ಎಳೆಗಳಾಗಿ ಕಾಣುತ್ತದೆ; ಸಿಳ್ಳೆಯ ಎಳೆಯನ್ನು ಹುಡುಕಿ ಅಳಿಸಿದರೆ ಅದು ಹೋಗುತ್ತದೆ, ಮಾತು ಉಳಿಯುತ್ತದೆ. ಎರಡು ದಿನ ಒಂದೊಂದೇ ಮಾತನ್ನು ಹೀಗೆ ತೊಳೆದೆ. ‘ಏ, ನೀರ್ ತತ್ತಾ’ ಎಂಬುದು ಗಟ್ಟಿಯಾಗಿ ಕೇಳಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮಗಳಿಗೆ ಒಂದು ತುಣುಕು ಕಳಿಸೋಣ ಎನಿಸಿತು. ಎಲ್ಲ ಮುಗಿಸಿ ಒಟ್ಟಿಗೆ ಕೊಟ್ಟು ಬೆರಗುಗೊಳಿಸೋಣ ಎಂದು ಅದನ್ನೂ ಬಿಟ್ಟೆ.

ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಪರದೆಯ ಹಿನ್ನೆಲೆ ಚಿತ್ರ ಹೋಗಿ ಕಪ್ಪಾಗಿತ್ತು. ಪ್ರತಿ ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳ ಬಾಲ ಅಂಟಿಕೊಂಡಿತ್ತು. ಒಂದನ್ನು ಒತ್ತಿದೆ, ತೆರೆಯಲಿಲ್ಲ. ಇನ್ನೊಂದು, ಅದೂ ಇಲ್ಲ. ಪ್ರತಿ ಫೋಲ್ಡರಿನಲ್ಲೂ ಒಂದೇ ಟಿಪ್ಪಣಿ: ನಿನ್ನ ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಈ ವಿಳಾಸಕ್ಕೆ ಬರೆ. ನನ್ನ ಕೈ ಮೊದಲು ಹೋದದ್ದು ಬ್ಯಾಕಪ್ ಡಿಸ್ಕಿಗೆ. ಅದರ ದೀಪ ಇನ್ನೂ ಮಿನುಗುತ್ತಿತ್ತು. ಡಿಸ್ಕನ್ನು ಕಿತ್ತೆ, ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತೆ. ಆಮೇಲೆ ಆ ಡಿಸ್ಕನ್ನು ಹಳೆಯ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಅಲ್ಲೂ ಅದೇ ಬಾಲಗಳು. ಕಂಪ್ಯೂಟರು ತಾನಾಗಿ ಇಟ್ಟುಕೊಳ್ಳುವ ಹಿಂದಿನ ಪ್ರತಿಗಳನ್ನು ಹುಡುಕಿದೆ. ಬೀಗ ಹಾಕಿದವರು ಮೊದಲು ಅವನ್ನೇ ಅಳಿಸಿದ್ದರು.

ಡಬ್ಬಿಂಗ್ ಕೆಲಸ ಹೋಯಿತು, ಸೊಪ್ಪಿನ ಗಾಡಿಯವರ ಕೂಗು ಹೋಯಿತು. ಅವನ್ನೆಲ್ಲ ಮತ್ತೆ ಮಾಡಬಹುದು. ಆ ಒಂದು ಫೋಲ್ಡರಿನದು ಮಾತ್ರ ಹಾಗಲ್ಲ.

ಗೆಳೆಯನಿಗೆ ಫೋನ್ ಮಾಡಿದೆ. “ನಂಗೇನೂ ಆಗಿಲ್ವಲ್ಲ ಗುರು,” ಅಂದ. ಆಮೇಲೆ, “ನಾನ್ ಕಳಿಸಿದ್ದು ಅಂತ ಯಾರ್ಗೂ ಹೇಳ್ಬೇಡಿ,” ಅಂದ. ಅವನ ಮೇಲೆ ಸಿಟ್ಟು ಬಂತು. ಆದರೆ ಆಫ್ ಮಾಡಿದ ಬೆರಳು ನನ್ನದು, ಅವನದಲ್ಲ.

ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಹಾಳಾದ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವ ತಂತ್ರಜ್ಞರೊಬ್ಬರಿದ್ದಾರೆ. ಎರಡು ಡಿಸ್ಕುಗಳನ್ನೂ ಅವರ ಮೇಜಿನ ಮೇಲಿಟ್ಟೆ. ಹೇಗಾಯಿತು ಎಂದು ಕೇಳಿದರು. “ಗೊತ್ತಿಲ್ಲ, ಇದ್ದಕ್ಕಿದ್ದ ಹಾಗೆ,” ಅಂದೆ. ವೈದ್ಯರ ಎದುರು ಸುಳ್ಳು ಹೇಳುವ ರೋಗಿಯ ಹಾಗೆ ಗೋಡೆ ನೋಡುತ್ತಾ ಕೂತೆ. ಅವರು ಒಂದು ದಿನ ಇಟ್ಟುಕೊಂಡರು. ಇಂಥ ಬೀಗಗಳಲ್ಲಿ ಕೆಲವಕ್ಕೆ ಕೀಲಿ ಸಿಕ್ಕಿ, ಯಾರು ಬೇಕಾದರೂ ಬಳಸಲಿ ಎಂದು ಇಂಟರ್‌ನೆಟ್ಟಿನಲ್ಲಿ ಹಾಕಿರುತ್ತಾರಂತೆ. ನನ್ನದಕ್ಕೆ ಇನ್ನೂ ಸಿಕ್ಕಿರಲಿಲ್ಲ. ಅಳಿಸಿಹೋದ ಫೈಲು ಹುಡುಕುವ ಉಪಕರಣವನ್ನೂ ಓಡಿಸಿದರು. ಅರೆಬರೆ ಚೂರುಗಳು ಸಿಕ್ಕವು. ಕೇಳಿದರೆ ಹಳೆಯ ಜಾಹೀರಾತಿನ ಸಂಗೀತ.

“ಅವ್ರಿಗೆ ದುಡ್ಡು ಕೊಟ್ರೆ ಕೀಲಿ ಕೊಡ್ತಾರಾ?” ಎಂದು ಕೇಳಿದೆ.

“ಕೊಟ್ರೂ ಕೊಡಬಹುದು, ಇನ್ನಷ್ಟು ಕೇಳಲೂಬಹುದು. ಕೊಡ್ಬೇಡಿ ಅಂತ್ಲೇ ನಾನ್ ಹೇಳೋದು. ಡಿಸ್ಕ್ ಹಂಗೇ ಎತ್ತಿಡಿ, ಮುಂದ್ಯಾವತ್ತಾದ್ರೂ ಕೀಲಿ ಹೊರಗೆ ಬಂದ್ರೆ ನೋಡೋಣ. ಪಾಸ್‌ವರ್ಡ್ ಎಲ್ಲ ಬದಲಾಯಿಸಿದ್ರಾ?”

ಅದು ನನಗೆ ಹೊಳೆದಿರಲೇ ಇಲ್ಲ. ಆಕ್ಟಿವೇಟರಿನ ಜೊತೆ ನುಸುಳಿ ಬಂದ ವೈರಸ್ಸು, ಬೀಗ ಹಾಕುವ ಮೊದಲು ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳನ್ನೆಲ್ಲ ಸಾಗಿಸಿತ್ತು. ಅಷ್ಟರಲ್ಲಿ ನನ್ನ ಇಮೇಲಿನಿಂದ ‘ನಿಮ್ಮ ಆಡಿಯೋ ಸಿದ್ಧವಿದೆ, ಇಲ್ಲಿ ಒತ್ತಿ’ ಎಂಬ ಪತ್ರ ಗಿರಾಕಿಗಳಿಗೆಲ್ಲ ಹೋಗಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ಅದನ್ನು ಒತ್ತಬೇಡಿ ಎಂದು ಬೇಡಿಕೊಂಡೆ. ಯಾಕೆ ಹೀಗಾಯಿತು ಎಂದು ಕೇಳಿದವರಿಗೆಲ್ಲ “ಯಾರೋ ಹ್ಯಾಕ್ ಮಾಡ್ಬಿಟ್ಟಿದಾರೆ” ಅಂದೆ. ಎಲ್ಲರೂ ಅಯ್ಯೋ ಪಾಪ ಅಂದರು. ಆ ಪಾಪ ಎಂಬ ಮಾತನ್ನು ಕೇಳಿಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಈ ನಡುವೆ ಯಜಮಾನರ ಮಗಳು ಎರಡು ಸಲ ಫೋನ್ ಮಾಡಿದಳು. ಮೊದಲ ಸಲ “ಇನ್ನೊಂಚೂರು ಪಾಲಿಶ್ ಬಾಕಿ ಇದೆ,” ಅಂದೆ. ಎರಡನೆಯ ಸಲ “ನಾಳಿದ್ದು ಕೊಡ್ತೀನಿ,” ಅಂದೆ. ತಂತ್ರಜ್ಞರ ಕೈಯಲ್ಲಿ ಏನಾದರೂ ಸಿಕ್ಕೀತು, ಸಿಕ್ಕರೆ ಈ ಮರ್ಯಾದೆಗೇಡು ಯಾರಿಗೂ ತಿಳಿಯದೆ ಮುಚ್ಚಿಹೋದೀತು ಎಂಬ ಆಸೆ. ನಾನು ಹಾಗೆ ತಳ್ಳುತ್ತಿದ್ದ ದಿನಗಳಲ್ಲಿ ಕೋಗಿಲಿನ ಮನೆಯಲ್ಲಿ ಆ ದನಿ ಇಳಿಯುತ್ತಾ ಇತ್ತು. ಅದನ್ನು ನಾನು ಯೋಚಿಸಲಿಲ್ಲ ಎಂದರೆ ತಪ್ಪು. ಯೋಚನೆ ಬಂದಾಗಲೆಲ್ಲ ಎದ್ದು ಕಾಫಿ ಮಾಡಿಕೊಂಡೆ.

ಆಮೇಲೆ ವಾಕ್ ಚಿಕಿತ್ಸಕಿಯೇ ಫೋನ್ ಮಾಡಿದರು. ಯಜಮಾನರಿಗೆ ಉಸಿರಾಟ ಕಷ್ಟವಾಗುತ್ತಿದೆ, ಆಪರೇಷನ್ನನ್ನು ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಇಟ್ಟುಕೊಂಡಿದ್ದಾರೆ, ನಾಳೆ ಬೆಳಿಗ್ಗೆ ಅಡ್ಮಿಟ್. “ನೀವು ಕಷ್ಟಪಟ್ಟು ಮಾಡ್ತಿದೀರಂತೆ, ತುಂಬಾ ಒಳ್ಳೇದಾಯ್ತು. ಆಪರೇಷನ್ ಆದ್ಮೇಲೆ ಒಂದು ವಾರಕ್ಕೆ ಕೊಟ್ರೂ ನಡೆಯುತ್ತೆ ಮೇಡಂ, ಆತುರ ಇಲ್ಲ,” ಅಂದರು.

ಆ ಗಳಿಗೆಯಲ್ಲಿ ನನಗೆ ಕಂಡ ದಾರಿ ಎರಡು. ಆಪರೇಷನ್ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಡಿಸ್ಕ್ ಸುಟ್ಟುಹೋಯಿತು ಎನ್ನುವುದು ಒಂದು. ಯಂತ್ರ ಕೆಟ್ಟರೆ ಯಾರೇನು ಮಾಡಲಾಗುತ್ತದೆ, ಅವರೂ ಹಣೆಬರಹ ಅಂದುಕೊಳ್ಳುತ್ತಾರೆ. ಇನ್ನೊಂದು, ಈಗಲೇ ಹೋಗಿ ಹೇಳಿ, ಉಳಿದಿರುವ ದನಿಯನ್ನು ಉಳಿದಿರುವ ಅರ್ಧ ದಿನದಲ್ಲಿ ಹಿಡಿದುಕೊಳ್ಳುವುದು. ಮೊದಲನೆಯದನ್ನು ನಾನು ಚೆನ್ನಾಗಿಯೇ ತೂಗಿ ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಚಿಕಿತ್ಸಕಿಗೆ, “ಮೇಡಂ, ಫೈಲ್ ಒಂದೂ ಉಳಿದಿಲ್ಲ,” ಅಂದೆ. ಅವರು ಮೆಲ್ಲಗೆ ಹೇಳಿದರು: ಈಗಲೇ ಹೊರಡಿ, ಅವರನ್ನು ಕೂಗಲು ಬಿಡಬೇಡಿ, ನಡುನಡುವೆ ಗುಟುಕು ನೀರು ಕೊಡಿ, ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ. ಮೊದಲು ಉಸಿರು, ನೋವು, ಕಫ, ಔಷಧಿಯ ಮಾತುಗಳು, ಮಿಕ್ಕದ್ದು ಆಮೇಲೆ.

ಮೆಮೊರಿ ಕಾರ್ಡಿನಲ್ಲಿ ಮುದ್ರಿಸುವ ಕೈಯಳತೆಯ ರೆಕಾರ್ಡರ್ ಒಂದಿತ್ತು. ಅದನ್ನೂ ಒಂದು ಮೈಕನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಹೆಬ್ಬಾಳದ ಫ್ಲೈಓವರಿನ ಕೆಳಗೆ ಗಾಡಿ ನಿಂತೇಬಿಟ್ಟಿತು. ಸಿಗ್ನಲ್ಲಿನಲ್ಲಿ ಕೂತು ‘ಡಿಸ್ಕ್ ಹೋಯಿತು’ ಎಂಬ ಮಾತನ್ನು ಬಾಯಲ್ಲಿ ಹೊರಳಿಸಿ ಅಭ್ಯಾಸ ಮಾಡಿದೆ. ಹೇಳಲು ಹೊರಟವಳು ಆಗಲೂ ಅರ್ಧ ಸುಳ್ಳನ್ನು ಸಿದ್ಧಮಾಡಿಕೊಳ್ಳುತ್ತಿದ್ದೆ.

ಅವರ ಮನೆಯ ಹಜಾರದಲ್ಲಿ ಆಸ್ಪತ್ರೆಗೆ ಒಯ್ಯುವ ಚೀಲ ಕಟ್ಟಿಟ್ಟಿತ್ತು. ಯಜಮಾನರು ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಕೈ ಎತ್ತಿದರು. ಹೆಂಡತಿ ಕಾಫಿ ತಂದಿಟ್ಟರು. ಚಿನ್ನದಂಥದ್ದನ್ನು ಕೊಡಲು ಬಂದಿದ್ದೇನೆ ಎಂದೇ ಎಲ್ಲರೂ ತಿಳಿದಿದ್ದರು.

“ಡಿಸ್ಕ್ ಹೋಗ್ಬಿಡ್ತು,” ಅಂದೆ. “ಮಾಡಿದ್ದೆಲ್ಲ ಹೋಯ್ತು. ಮತ್ತೆ ಮಾಡ್ಬೇಕು.”

ಯಜಮಾನರು ನನ್ನನ್ನೇ ನೋಡಿದರು. ದನಿ ಆಗಲೇ ಪಿಸುಮಾತಿನ ಹತ್ತಿರಕ್ಕೆ ಬಂದಿತ್ತು. “ಅದೆಂಗೆ ಓಯ್ತವ್ವ?”

ಬೇರೆ ಯಾರು ಕೇಳಿದ್ದರೂ ಅಭ್ಯಾಸ ಮಾಡಿದ್ದನ್ನು ಹೇಳುತ್ತಿದ್ದೆನೋ ಏನೋ. ಆ ಎರಡು ಶಬ್ದ ಕೇಳಲು ಅವರು ಎರಡು ಸಲ ಉಸಿರು ಎಳೆದುಕೊಂಡಿದ್ದರು. ಎಲ್ಲ ಹೇಳಿದೆ. ದುಡ್ಡು ಕೊಟ್ಟು ತೆಗೆದುಕೊಳ್ಳಬೇಕಾದ್ದನ್ನು ಕದ್ದು ಹಾಕಿಕೊಂಡದ್ದು, ಅದಕ್ಕಾಗಿ ಕಂಪ್ಯೂಟರಿನ ಕಾವಲು ತೆಗೆದದ್ದು, ಬ್ಯಾಕಪ್ ಸಿಕ್ಕಿಸಿಯೇ ಬಿಟ್ಟದ್ದು, ಫೋನಿನಲ್ಲಿ ಪಾಲಿಶ್ ಎಂದು ಸುಳ್ಳು ಹೇಳಿದ್ದು. ತಲೆ ಎತ್ತಲಾಗಲಿಲ್ಲ; ಕಾಫಿ ಲೋಟಕ್ಕೆ ಹೇಳಿದೆ ಅಂದರೂ ಸರಿ.

“ನಾನು ಪೆನ್‌ಡ್ರೈವ್ ಕೇಳಿದ್ದೆ,” ಅಂದಳು ಮಗಳು.

“ಹೌದು.”

“ಕೈಯಲ್ಲಿ ಹಿಡ್ಕೊಂಡು ಕೇಳಿದ್ದೆ ಮೇಡಂ. ಹೆಂಗಿದ್ಯೋ ಹಂಗೇ ಕೊಡಿ ಅಂತ. ಚೆನ್ನಾಗ್ ಮಾಡ್ಕೊಡಿ ಅಂತ ನಿಮ್ಮನ್ ಯಾರ್ ಕೇಳಿದ್ರು?”

ಅವಳು ಒಳಗೆ ಹೋದಳು. ಯಜಮಾನರು ಹೆಂಡತಿಯ ಕಡೆ ನೋಡಿ, ನನ್ನ ಕಡೆ ನೋಡಿ, “ಮಿಷಿನ್ ತಂದಿದ್ದೀಯಾ?” ಅಂದರು. ತಂದಿದ್ದೇನೆ ಅಂದೆ. “ಮತ್ತೆ ಆಕು.”

ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ ತೆಗೆಸಿ, ಗೋಡೆಯ ಪ್ರತಿಧ್ವನಿ ಕಡಿಮೆಯಾಗಲಿ ಎಂದು ಮಂಚದ ಸುತ್ತ ಕಂಬಳಿ ಇಳಿಬಿಟ್ಟೆ. ಮೈಕನ್ನು ತುಟಿಗೆ ಹತ್ತಿರ ತಂದೆ, ಪಿಸುಮಾತನ್ನೂ ಹಿಡಿಯುವಷ್ಟು. ಮಗಳು ಮತ್ತೆ ಬಂದು ಪಕ್ಕದಲ್ಲಿ ಕೂತಳು, ಮುಖ ನನ್ನ ಕಡೆ ಇಲ್ಲ. ಶುರುಮಾಡುವ ಮೊದಲು ಯಜಮಾನರು ಕೈ ಅಡ್ಡ ಮಾಡಿದರು.

“ಮೊದ್ಲು ಎಸ್ರುಗಳು,” ಅಂದರು.

ನಾನು ಚಿಕಿತ್ಸಕಿ ಹೇಳಿದ್ದನ್ನು ಹೇಳಿದೆ. ಉಸಿರು, ನೋವು, ಔಷಧಿ ಮೊದಲು, ಆಸ್ಪತ್ರೆಯಲ್ಲಿ ಬೇಕಾಗುವುದು ಅವು, ಹೆಸರು ಕೊನೆಗೆ.

“ನೋವಾದ್ರೆ ಕೈ ತೋರಿಸ್ತೀನಿ. ಎಸ್ರು ತಗೋ.”

“ಯಜಮಾನ್ರೇ, ಡಾಕ್ಟರ್ ಕಡೆಯವ್ರು ಹೇಳಿದಾರೆ. ಟೈಮ್ ಇದೆ, ಎಲ್ಲಾ ಆಗುತ್ತೆ. ನಾನ್ ಇದೀನಲ್ಲ.”

ಈ ಸಲ ಎಲ್ಲವನ್ನೂ ಕ್ರಮವಾಗಿ, ಹೇಳಿದ ಹಾಗೆ ಮಾಡಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದೆ. ಕ್ರಮ ತಪ್ಪಿಸಿ ತಾನೇ ಇಷ್ಟು ಅನಾಹುತವಾದದ್ದು? ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಕೈ ಇಳಿಸಿದರು. ವಾದ ಮಾಡಲು ಖರ್ಚಾಗುವ ದನಿಯನ್ನು ಉಳಿಸಿಕೊಂಡರು ಎಂದು ಆಮೇಲೆ ಹೊಳೆಯಿತು.

‘ಉಸ್ರು ಕಟ್ತದೆ.’ ‘ನೋಯ್ತದೆ.’ ‘ಕಫ ತೆಗೀರಿ.’ ‘ಇಂಗಲ್ಲ, ಅಂಗೆ ಮಲಗ್ಸು.’ ‘ಏ, ನೀರ್ ತತ್ತಾ.’ ಒಂದೊಂದಾದ ಮೇಲೂ ಗುಟುಕು ನೀರು, ಸ್ವಲ್ಪ ವಿಶ್ರಾಂತಿ. ಹಿಂದಿನ ಸಲ ಮೀಟರನ್ನು ಕೆಂಪಿಗೆ ಒಯ್ದಿದ್ದ ದನಿ ಈಗ ಕಾಗದದ ಮೇಲೆ ಕೈಯಾಡಿಸಿದ ಸದ್ದಿನಂತಿತ್ತು. ಆದರೂ ಅವರದೇ. ಔಷಧಿಯ ಮಾತುಗಳು ಮುಗಿದು, ಊಟದ್ದು ಅರ್ಧವಾಗಿತ್ತು. ‘ಮುದ್ದೆ ಇಷ್ಟೇ ಸಾಕು’ ಎಂಬಲ್ಲಿ ‘ಸಾಕು’ ಬರಲಿಲ್ಲ. ತುಟಿ ಆಡಿತು, ಮೀಟರಿನ ಪಟ್ಟಿ ಏಳಲಿಲ್ಲ. ಕೆಮ್ಮಿದರು. ಮತ್ತೆ ಪ್ರಯತ್ನಿಸಿದರು. ಬರೀ ಗಾಳಿ.

“ಅಪ್ಪಾ, ಬಿಡು,” ಅಂದಳು ಮಗಳು.

ಅವರು ಬಿಡಲಿಲ್ಲ. ಕೈಬೆರಳಿನಿಂದ ಅಡುಗೆಮನೆಯ ಕಡೆ, ಬಾಗಿಲ ಕಡೆ, ಮಹಡಿಯ ಕಡೆ ತೋರಿಸಿದರು. ಹೆಸರುಗಳು ಎಂದು ನನಗೆ ತಿಳಿಯಿತು. ರೆಕಾರ್ಡರನ್ನು ಓಡಲು ಬಿಟ್ಟೇ ಕಾದೆ. ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಹೊತ್ತು. ಅವರ ಹೆಂಡತಿ ಬಂದು ಮೈಕನ್ನು ಸರಿಸಿ, “ಸಾಕು ಬಿಡವ್ವ, ಸುಸ್ತಾಗೌರೆ,” ಅಂದರು. ಸಿಕ್ಕಿದ್ದನ್ನು ಒಂದಕ್ಷರ ಮುಟ್ಟದೆ ಅಲ್ಲೇ ಮಗಳ ಫೋನಿಗೂ ಟ್ಯಾಬ್ಲೆಟ್ಟಿಗೂ ಹಾಕಿಕೊಟ್ಟೆ. ಹೊರಡುವಾಗ ಯಾರೂ ಬಾಗಿಲವರೆಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಮಾರನೆಯ ದಿನ ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಟ್ಟೆ. ಹೇಗಾಯಿತು ಎಂಬಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕಂಪ್ಯೂಟರನ್ನು ಪೂರ್ತಿ ಅಳಿಸಿ, ಕದ್ದದ್ದು ಒಂದೂ ಇಲ್ಲದಂತೆ ಮತ್ತೆ ಕಟ್ಟಿದೆ. ಈಗ ಬ್ಯಾಕಪ್ ಎರಡು ಕಡೆ ಇರುತ್ತದೆ, ಒಂದು ಬೀರುವಿನಲ್ಲಿ, ಕಳಚಿಟ್ಟದ್ದು. ಗಿರಾಕಿ ಕೇಳಿದರೂ ಕೇಳದಿದ್ದರೂ ಕಚ್ಚಾ ಮುದ್ರಣದ ಪ್ರತಿ ಅವರ ಕೈಗೆ ಅಂದೇ ಕೊಡುತ್ತೇನೆ. ಬೀಗ ಬಿದ್ದ ಡಿಸ್ಕನ್ನು ಎಸೆದಿಲ್ಲ; ತಿಂಗಳಿಗೊಮ್ಮೆ ತಂತ್ರಜ್ಞರಿಗೆ ಫೋನ್ ಮಾಡಿ ಕೀಲಿ ಬಂತಾ ಎಂದು ಕೇಳುತ್ತೇನೆ. ಬಂದಿಲ್ಲ.

ಆಪರೇಷನ್ ಚೆನ್ನಾಗಿ ಆಯಿತೆಂದು ಚಿಕಿತ್ಸಕಿಯಿಂದ ತಿಳಿಯಿತು. ಯಜಮಾನರು ಟ್ಯಾಬ್ಲೆಟ್ ಒತ್ತಿ ನೀರು ಕೇಳುತ್ತಾರಂತೆ, ನರ್ಸುಗಳು ನಗುತ್ತಾರಂತೆ. ಮನೆಯವರಿಗೆ ಫೋನ್ ಮಾಡುವ ಮುಖ ನನಗಿರಲಿಲ್ಲ. ಅವರೇ ಮಾಡಿದರು. ಪರದೆಯ ಮೇಲೆ ಮಗಳ ನಂಬರು. ಎತ್ತಿದರೆ ಅವಳಲ್ಲ, ಚಿಕ್ಕ ಹುಡುಗಿ. ಯಜಮಾನರ ಮೊಮ್ಮಗಳು.

“ಆಂಟಿ, ರೆಕಾರ್ಡಿಂಗ್ ಆಂಟೀನಾ ನೀವು?”

“ಹೌದು ಪುಟ್ಟಾ.”

“ತಾತ ಫಸ್ಟ್ ಟೈಮ್ ರೆಕಾರ್ಡ್ ಮಾಡ್ದಾಗ ನನ್ನೂ ಕರೆದಿದ್ರಂತೆ. ಟ್ಯಾಬಲ್ಲಿ ನೀರು ಇದೆ, ಮಾತ್ರೆ ಇದೆ, ನಾನಿಲ್ಲ. ಅದು ನಿಮ್ ಹತ್ರ ಇದ್ಯಾ?”

“ಇಲ್ಲ ಪುಟ್ಟಾ. ನನ್ನಿಂದ ಹಾಳಾಗೋಯ್ತು.”

“ಆದ್ರೆ ನೀವ್ ಕೇಳಿಸ್ಕೊಂಡಿದೀರಲ್ಲ? ಹೆಡ್‌ಫೋನಲ್ಲಿ. ಹೆಂಗ್ ಕರೆದ್ರು ಅಂತ ಹೇಳಿ.”

ನನಗೆ ನೆನಪಿತ್ತು. ಶಾಲೆಯಲ್ಲಿ ಕರೆಯುವ ಹೆಸರಿನಿಂದ ಅವರು ಅವಳನ್ನು ಕರೆದಿರಲಿಲ್ಲ. ‘ಗುಂಡವ್ವಾ’ ಎಂದು, ಮೊದಲಕ್ಷರವನ್ನು ಮೆಲ್ಲಗೆ ಹಿಡಿದು, ಕೊನೆಗೆ ಮಹಡಿಯ ತನಕ ಎಳೆದಿದ್ದರು. ಆ ಎಳೆತದ ನಡುವೆ ಒಂದು ಬಿರುಕು ಇತ್ತು. ಅದನ್ನು ನಾನು ತೊಳೆದು ತೆಗೆದಿದ್ದೆ. ಸ್ಟುಡಿಯೋದಲ್ಲಿ ಒಬ್ಬಳೇ ನಿಂತು, ಕಣ್ಣು ಮುಚ್ಚಿ, ಬಿರುಕಿನ ಸಮೇತ, ಬಂದಷ್ಟು ಹಾಗೇ ಕರೆದೆ.



“ಹಂಗಲ್ಲ ಆಂಟಿ,” ಅಂದಳು.